ಮೊದಲ ಪಂಕ್ತಿಯ ಎಲೆ

ದಂಡಿನಶಿವರದ ತೋಟದ ಮನೆ,
ಸೋಮವಾರ ಮಧ್ಯಾಹ್ನ

ಗಿರಿಜಾಂಬಿಕಾ ಅತ್ತಿಗೆಗೆ ನಮಸ್ಕಾರ.

ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವ ಮೈದುನನನ್ನು ನೀವು ಕಂಡಿರಲಾರಿರಿ. ನಿನ್ನೆ ಕಾಫಿ ಕೊಡುತ್ತಾ, "ನನ್ ಪರೀಕ್ಷೆ ಮುಗೀತಲ್ಲ ದಯಾನಂದಪ್ಪ, ಆ ವೈಫೈ ಡಬ್ಬಾನ ಮೊದಲಿನಂಗೇ ಮಾಡ್ಬುಡಪ್ಪ, ಎಲ್ಲಾರೂ ಗೊಣಗ್ತಾವ್ರೆ" ಎಂದಿರಿ. ನಿಮ್ಮೆದುರು ನಿಂತು ಆಗುವುದಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಅದಕ್ಕೇ ಈ ಕಾಗದ. ತಪ್ಪಿದ್ದರೆ ತಿದ್ದಿ, ಕನ್ನಡ ಎಂ.ಎ. ಆಗಲಿರುವವರು ನೀವು.

ಕಿಬ್ಬನಹಳ್ಳಿಯ ನನ್ನ ಅಂಗಡಿಯ ಬೋರ್ಡಿನ ಮೇಲೆ "ಮನೆಗೊಂದು ಡಬ್ಬ, ಮೊಬೈಲಿಗೆ ಹಬ್ಬ" ಎಂದು ಬರೆಸಿದವನು ನಾನೇ. ಊರಿಗೆಲ್ಲ ಹಬ್ಬ ಹಂಚುವವನಿಗೆ ಸ್ವಂತ ಮನೆಯ ಡಬ್ಬ ಸರಿಪಡಿಸಲು ನಿಮ್ಮ ಪರೀಕ್ಷೆಯೇ ಬರಬೇಕಾಯಿತು.

ಆ ಡಬ್ಬದೊಳಗೂ ಪಂಕ್ತಿಗಳಿವೆ ಅತ್ತಿಗೆ. ಮೊದಲನೆಯದು ಮಾತಿಗೆ, ಆಮೇಲಿನದು ವಿಡಿಯೋಗೆ, ಅದರ ಹಿಂದೆ ದಿನನಿತ್ಯದ ಕೆಲಸ, ಕೊನೆಗೆ ಅವಸರವಿಲ್ಲದ್ದು. ಯಾರ ಫೋನು ಎಲ್ಲಿ ಕೂರಬೇಕೆಂದು ನಾವು ಹೇಳಿಡಬಹುದು. ನಾನೋ ದಾಕ್ಷಿಣ್ಯದ ಮನುಷ್ಯ. ಅಣ್ಣನ ಕ್ರಿಕೆಟ್ಟನ್ನು ಹಿಂದಿಟ್ಟರೆ ಬೇಸರ, ನನ್ನ ಮಗಳು ಲಿಖಿತಾಳ ರೀಲ್ಸ್ ಹಿಂದಿಟ್ಟರೆ ಮುನಿಸು, ಕಾಯಿರಾಶಿ ಕಾಯುವ ಕ್ಯಾಮೆರಾ ಹಿಂದಿಟ್ಟರೆ ಭಯ. ಎಲ್ಲರನ್ನೂ ಮೊದಲ ಪಂಕ್ತಿಗೇ ಕೂರಿಸಿದೆ. ತೋಟಕ್ಕೆ ಬರುವ ಲೈನೇ ಸಣ್ಣದು, ಬಡಿಸುವ ಕೈ ಒಂದೇ. ಎಲ್ಲರೂ ಮೊದಲಿಗರಾದ ಮೇಲೆ ಯಾರೂ ಮೊದಲಿಗರಲ್ಲ.

ಸಾಲದ್ದಕ್ಕೆ, ಕರೆಂಟಿಗೆ ನಿಯತ್ತಿಲ್ಲದ ಊರೆಂದು ಉಳಿತಾಯದ ಗುಂಡಿಯನ್ನೂ ಒತ್ತಿದ್ದೆ. ಆಗ ಫೋನು ನಡುನಡುವೆ ತೂಕಡಿಸುತ್ತದೆ. ಬಂದದ್ದನ್ನು ಡಬ್ಬ ಎತ್ತಿಟ್ಟುಕೊಂಡು, ಅದು ಕಣ್ಣು ಬಿಟ್ಟಾಗ ಕೊಡುತ್ತದೆ. ಬ್ಯಾಟರಿ ಉಳಿಯುತ್ತದೆ. ಮೆಸೇಜಿಗಾದರೆ ನಷ್ಟವಿಲ್ಲ. ಆದರೆ ಅಟ್ಟದ ಮೇಲೆ ವರ್ಷ ಮಲಗಿದ ಕಾಯಿ ಕೊಬ್ಬರಿಯಾಗುತ್ತದೆ, ಚಣ ಮಲಗಿದ ಮಾತು ಚೂರಾಗುತ್ತದೆ.

ನಿಮ್ಮದು ಫೋನಿನಲ್ಲೇ ನಡೆಯುವ ಮೌಖಿಕ ಪರೀಕ್ಷೆ. ಶುಕ್ರವಾರ ಪರೀಕ್ಷೆಯವರು ಪ್ರಯೋಗಕ್ಕೆಂದು ಮಾಡಿದ ಕರೆಯಲ್ಲಿ ನಿಮ್ಮ ದನಿ ಹೀಗೇ ಚೂರುಚೂರಾಯಿತು. ನಾಳೆಯೂ ಇದೇ ಪಾಡಾದರೆ ಮುಂದಿನ ವರ್ಷ ನೋಡೋಣಮ್ಮ ಎಂದರು ಅವರು. ನೀವು ಪುಸ್ತಕ ಮುಚ್ಚಿ, "ಬುಡಪ್ಪ, ನಾನ್ಯಾವತ್ತೂ ಕೊನೇ ಪಂಕ್ತಿಯೋಳೇ" ಎಂದು ನಕ್ಕು ಒಲೆಯ ಕಡೆ ನಡೆದಿರಿ. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ನಕ್ಕಿರಿ.

ಮದುವೆಯಾಗಿ ಬಂದಾಗ ಅರ್ಧಕ್ಕೆ ನಿಂತ ಓದನ್ನು ನೀವು ಅಟ್ಟಕ್ಕೆ ಹಾಕಿದ್ದಿರಿ. ನಾವು ಮರೆತೆವು. ಅದು ಕೊಳೆಯಲಿಲ್ಲ, ಕೊಬ್ಬರಿಯಾಯಿತು. ಅಂಚೆಯಲ್ಲೇ ಬಿ.ಎ. ಮುಗಿಸಿದಿರಿ. ಕೆಂಕೆರೆಯ ರಂಗಕ್ಕನ ಬಳಿ ಕೂತು ರಾಗಿ ಬೀಸುವ ಪದಗಳನ್ನು ಕೇಳಿ ಬರೆದುಕೊಂಡು, ಎಂ.ಎ.ಗೆ ಪ್ರಬಂಧವನ್ನೇ ಮಾಡಿದಿರಿ. ಯಾವಾಗ ಬರೆದಿರಿ ಎಂದು ಕೇಳುವಷ್ಟು ಬಿಡುವು ನಮಗಿರಲಿಲ್ಲ, ಉಣ್ಣುತ್ತಿದ್ದೆವು.

ಶನಿವಾರ ನಾನು ಯಾರನ್ನೂ ಕೇಳಲಿಲ್ಲ. ಎಲ್ಲರನ್ನೂ ಕೊನೆಯ ಪಂಕ್ತಿಗೆ ದಬ್ಬಿ, ಮೊದಲನೆಯದರಲ್ಲಿ ನಿಮ್ಮ ಫೋನೊಂದನ್ನೇ ಕೂರಿಸಿದೆ. ಡಬ್ಬದ ಉಳಿತಾಯ ಆರಿಸಿದೆ, ನಿಮ್ಮ ಫೋನಿನದ್ದನ್ನೂ. ಲೈಟು ಆರಿಸಿ, ಫ್ಯಾನು ಆರಿಸಿ, ತಮ್ಮನ್ನೇ ಉಳಿತಾಯಕ್ಕೆ ಹಾಕಿಕೊಂಡವರು ನೀವು. ಫೋನೂ ಒಡತಿಯಂತೆಯೇ ಇತ್ತು.

ಮುಂದಿನದು ಒಳಗಿದ್ದ ನಿಮಗೆ ಗೊತ್ತಿಲ್ಲ, ಕೇಳಿ. ನೀವು ಪರೀಕ್ಷೆಗೆ ಕೂತ ಸ್ವಲ್ಪ ಹೊತ್ತಿಗೇ ಅಣ್ಣ ಜಗಲಿಯಿಂದ ಎದ್ದು ಬಂದ. "ಲೇ ದಯಾ, ಏನ್ಲಾ ಇದು! ಅವ್ನು ಬ್ಯಾಟ್ ಎತ್ತಿ ಎಷ್ಟೊತ್ತಾಯ್ತು, ಇಳುಸ್ತಾನೇ ಇಲ್ಲ ಕಣ್ಲಾ!" ನಾನು ನಿಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ನನ್ನ ಮೇಲೆ ಕೈಯೆತ್ತಿದ. ಅಷ್ಟರಲ್ಲಿ ಒಳಗೆ ಪರೀಕ್ಷಕರು ಒಂದು ಪದ ಹಾಡಿ ತೋರಿಸಿ ಎಂದರು. ನೀವು ಹಾಡಿದಿರಿ. ಕೇಳಿದವರು ಮಧ್ಯೆ ಒಮ್ಮೆಯೂ ಹಲೋ ಹಲೋ ಎನ್ನಲಿಲ್ಲ. ಅಣ್ಣನ ಕೈ ಎತ್ತಿದಲ್ಲೇ ನಿಂತಿತ್ತು, ಅವನ ಬ್ಯಾಟ್ಸ್‌ಮನ್ನನ ಹಾಗೆ. ಪದ ಮುಗಿದ ಮೇಲೆ ಮೆತ್ತಗೆ ಕೇಳಿದ: "ಇವ್ಳು ಹಾಡ್ತಾಳೇನ್ಲಾ?"

ಮಗಳಿಗೆ ಮದುವೆ ಮಾಡಿ ಕಳಿಸಿದ ಗಂಡಸು ಹೆಂಡತಿಯ ವಿಚಾರಕ್ಕೆ ಕೇಳುವ ಪ್ರಶ್ನೆಯೇ ಇದು! "ನಂಗೂ ಈಗ್ಲೇ ಗೊತ್ತಾಗಿದ್ದು ಕಣಣ್ಣ" ಎಂದೆ. ಆಟ ನೋಡಲು ಅವನು ವಾಪಸ್ ಹೋಗಲಿಲ್ಲ. ಹೊಸಲಿನ ಪಕ್ಕ ಗೋಡೆಗೊರಗಿ ಕೂತ.

ಗೊಣಗುವವರ ವಿಷಯಕ್ಕೆ ಬರೋಣ. ಲಿಖಿತಾ ಗೊಣಗುತ್ತಾಳೆ, ನಿಜ; ಅವಳ ವಯಸ್ಸಿನ ಕೆಲಸವೇ ಅದು. ನೀವು ರಂಗಕ್ಕನ ಜೊತೆ ಮಾತಾಡುವಷ್ಟು ಹೊತ್ತು ಮಿಕ್ಕವರು ಕಾಯಬೇಕು, ಅಷ್ಟೇ. ನೀವು ಫೋನಿಟ್ಟ ಕೂಡಲೇ ಎಲ್ಲರಿಗೂ ಹೊಟ್ಟೆ ತುಂಬ ಸಿಗುತ್ತದೆ. ಇನ್ನು ಅಣ್ಣ, ಬೆಳಿಗ್ಗೆ ನಾನು ಬೈಕ್ ಹತ್ತುವಾಗ ಪಕ್ಕಕ್ಕೆ ಕರೆದು, "ಅವ್ಳ ಫೋನ್ ತಂಟೆಗೋಗ್ಬೇಡ ಕಣ್ಲಾ, ನಂದು ಹಿಂದೇ ಇರ್ಲಿ. ನಾನೇಳ್ದೆ ಅಂತ ಮಾತ್ರ ಹೇಳ್ಬುಟ್ಟೀಯ!" ಎಂದ. ಹೇಳಿಬಿಟ್ಟಿದ್ದೇನೆ.

ಹಾಗಾಗಿ ಆಗುವುದಿಲ್ಲ ಅತ್ತಿಗೆ. ಫಲಿತಾಂಶ ಏನೇ ಬರಲಿ, ಆ ಪಂಕ್ತಿಯಲ್ಲಿ ನಿಮ್ಮ ಎಲೆ ಹಾಸಿಯೇ ಇರುತ್ತದೆ. ಇವತ್ತು ರಾತ್ರಿ ಅಡುಗೆಮನೆಯ ಪಂಕ್ತಿಯಲ್ಲೂ ಮೊದಲು ನೀವೇ ಕೂತುಬಿಡಿ. ಬಡಿಸುತ್ತೇನೆಂದು ಒಬ್ಬರು ಒಪ್ಪಿದ್ದಾರೆ, ಯಾರೆಂದು ಕೇಳಬೇಡಿ. ಸಾರು ಚೆಲ್ಲಿದರೆ ಬೈಯಬೇಡಿ, ಹೊಸಬ.

ದನಿ ಚೂರಾಗದಿರಲಿ, ದಣಿವು ಹತ್ತದಿರಲಿ.

ಇಂತಿ, ನಿಮ್ಮ ಕೈಯ ಅನ್ನ ಉಂಡು ಬೆಳೆದ ಮೈದುನ,
ದಯಾನಂದ್