ಆಂಟಾಪ್ ಹಿಲ್‌ನ ಮೂರು ಯೂನಿಟ್

ಘಾಟ್ಕೋಪರ್,
ಭಾನುವಾರ, ನವೆಂಬರ್ ೯, ೨೦೨೫

ಗದಗಿನಲ್ಲಿ ತಮ್ಮನ ಮನೆಯ ಮಹಡಿಯ ಮೇಲೆ ಮುಕ್ಕಾಂ ಹೂಡಿರುವ, ಆಂಟಾಪ್ ಹಿಲ್ ಹದಿನಾಲ್ಕನೇ ನಂಬರ್ ರೂಮಿನ ಕರೆಂಟ್ ಮೀಟರಿಗೆ ಏಕಮಾತ್ರ ಒಡತಿಯಾದ ಶ್ರೀಮತಿ ನಜ್ಮಾ ಅವರ ಸನ್ನಿಧಾನಕ್ಕೆ, ಅಂದರೆ ನನ್ನ ಅಮ್ಮಿಗೆ, ಮಗಳು ಆರ್ಜೂ ತಲೆಬಾಗಿ ಮಾಡುವ ಸಲಾಂ.

ತಮ್ಮ ನಾಲ್ಕು ಪುಟದ ಪತ್ರ ಗುರುವಾರ ಕೈಸೇರಿತು. ಹತ್ತು ತಿಂಗಳಲ್ಲಿ ಇದೇ ಮೊದಲನೆಯದು. ಫೋನ್ ಮಾಡಿದರೆ 'ಉಂಡ್ಯಾ? ಮಲಕೋ' ಎಂದು ಎರಡು ಮಾತಿಗೆ ಮುಗಿಸುವ ನೀನು ನಾಲ್ಕು ಪುಟ ಬರೆದಿದ್ದೀ ಎಂದರೆ ವಿಷಯ ಸಣ್ಣದಲ್ಲ. ಆದ್ದರಿಂದ ಇಲ್ಲಿ ತುರ್ತಾಗಿ ಒಂದು ವಿಚಾರಣಾ ಆಯೋಗ ನೇಮಕವಾಗಿದೆ. ಅಧ್ಯಕ್ಷೆ ನಾನು. ಸದಸ್ಯೆ ನಾನು. ಆರೋಪಿಯೂ ಬಹುಶಃ ನಾನೇ. ಚಹಾ ತಂದುಕೊಡಲು ಯಾರೂ ಇಲ್ಲವಾದ್ದರಿಂದ ಅದನ್ನೂ ಅಧ್ಯಕ್ಷೆಯೇ ಕುದಿಸಿಕೊಂಡಿದ್ದಾರೆ.

ಉತ್ತರ ಫೋನಿನಲ್ಲಿ ಬೇಡ, ಕಾಗದದಲ್ಲೇ ಬರಬೇಕು ಎಂದು ನಿನ್ನ ಅಪ್ಪಣೆ. 'ಫೋನಿನಾಗ ನಿನ್ನ ಸುಳ್ಳು ಸಕ್ಕರಿಯಂಗ ಕರಗಿ ಹೋಗತಾವ. ಕಾಗದದ ಮ್ಯಾಲಾದರ ಇರುವಿ ಮುತ್ತತಾವ, ಎಲ್ಲೈತಿ ಅಂತ ಗೊತ್ತಾಗತೈತಿ' ಎಂದು ಬರೆದಿದ್ದೀ. ಸರಿ. ಬರಲಿ ಇರುವೆಗಳು.

ಆಯೋಗದ ಮುಂದೆ ಬಂದಿರುವ ದೂರು ನಿನ್ನ ಮಾತಿನಲ್ಲೇ ಹೀಗಿದೆ: 'ಮೀಟರು ನನ್ನ ಹೆಸರಿನಾಗ ಐತಿ. ರೂಮಿಗೆ ಕೀಲಿ ನಾನ ಹಾಕಿ ಬಂದೀನಿ. ತಿಂಗಳಾ ತಿಂಗಳಾ ನನ್ನ ಫೋನಿಗೆ ಸೊನ್ನಿ ಯೂನಿಟ್ ಅಂತ ಮೆಸೇಜ್ ಬರ್ತಿತ್ತು. ಈ ಸಲ ಮೂರು ಅಂತ ಬಂದೈತಿ. ಯಾರನ್ನ ತಂದು ಇಟ್ಟಾರ ನಿಮ್ಮ ಅಬ್ಬಾ ಅಲ್ಲಿ?'

ಎರಡನೆಯ ದೂರು ಹಳೆಯದು. ಉರಿಯದ ದೀಪಕ್ಕೆ ದುಡ್ಡು ಯಾಕೆ, ಮೀಟರನ್ನೇ ಕಿತ್ತುಹಾಕಿಸು ಎಂದು ಸೆಪ್ಟೆಂಬರಿನಲ್ಲೇ ನೀನು ಬರೀ ಅರ್ಜಿಗೆ ಸಹಿ ಹಾಕಿ ಕಳಿಸಿದ್ದೆ. ನಾನು ಇನ್ನೂ ಕೊಟ್ಟಿಲ್ಲ. ಈಗ ಯೂನುಸ ಮಾಮಾನೇ ಇಪ್ಪತ್ತೊಂದನೇ ತಾರೀಖು ಶುಕ್ರವಾರ ಬಂದು, ತಾವೇ ಆಫೀಸಿಗೆ ಹೋಗಿ ಕೊಟ್ಟು, ರೂಮಿನಲ್ಲಿ ಯಾರಿದ್ದಾರೋ ಅವರನ್ನೂ ಹೊರಗೆ ಹಾಕಿ ಬರುತ್ತಾರಂತೆ. ಪತ್ರದ ಕೊನೆಯ ಸಾಲು ಓದಿದ ಮೇಲೆ ಆಯೋಗಕ್ಕೆ ಊಟ ಸೇರಲಿಲ್ಲ. 'ಮೀಟರು ಹೋತಂದರ ಮುಂಬೈದೂ ನಂದೂ ಲೆಕ್ಕ ಹರೀತು' ಎಂದು ಬರೆದಿದ್ದೀ. ಆ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀ. ಸ್ಕೇಲು ಹಿಡಿದು.

ಇಲ್ಲಿ ಪೆನ್ನು ಇಟ್ಟು ಎದ್ದೆ. ಬಾಗಿಲವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಅಬ್ಬಾ ಅಂಗಡಿಯಿಂದ ಬರಲು ಇನ್ನೂ ಹೊತ್ತಿದೆ. ಆದರೂ ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಈ ಕಾಗದ ತಾನಾಗಿ ಅರ್ಥಶಾಸ್ತ್ರದ ಪುಸ್ತಕದೊಳಗೆ ಹೊಕ್ಕು ಕೂರುತ್ತದೆ.

ಮೊದಲು ಎರಡನೆಯ ದೂರು. ಅರ್ಜಿ ಹಿಡಿದು ನಾನು ಕರೆಂಟ್ ಆಫೀಸಿಗೆ ಹೋಗಲಿಲ್ಲ ಎಂದುಕೊಂಡಿದ್ದೀ. ಹೋಗಿದ್ದೆ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಲೋಕಲ್ ಹಿಡಿದು, ಕಾಲೇಜಿಗೆ ಚಕ್ಕರ್ ಹೊಡೆದು ಹೋಗಿದ್ದೆ. ಕೌಂಟರಿನಲ್ಲಿ ಸ್ನೇಹಲ್ ಅಂತ ಒಬ್ಬರು ಇದ್ದರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿದ್ದರು. ನಾನು ನಿನ್ನ ಪರವಾಗಿ ಗಂಭೀರವಾಗಿ ವಾದ ಮಂಡಿಸಿದೆ. ಒಂದು ಬಲ್ಬೂ ಉರಿಸದ ಮನೆಗೆ ಬಿಲ್ಲು ಕಳಿಸುವುದು, ಊಟ ಮಾಡದವನಿಗೆ ಎಲೆಯ ದುಡ್ಡು ಕೇಳಿದ ಹಾಗಲ್ಲವೇ ಎಂದೆ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುತ್ತೇನೆ: 'ಮಗೂ, ಎಲೆ ಹಾಕಿ ಕಾಯ್ತಾ ನಿಂತಿದೀವಲ್ಲ, ಆ ನಿಂತಿದ್ದಕ್ಕೇ ಈ ಚಾರ್ಜು. ನೀನು ಸ್ವಿಚ್ ಒತ್ತು, ಬಿಡು. ಒತ್ತಿದ ಕ್ಷಣ ಹತ್ತಬೇಕು ಅಂದ್ರೆ ತಂತಿ, ಕಂಬ, ಜನ ಎಲ್ಲಾ ದಿನಾ ನಿಂತೇ ಇರಬೇಕು.'

ಇದಕ್ಕೆ ಸ್ಥಿರ ಶುಲ್ಕ ಎಂದು ಹೆಸರಂತೆ. ಬಂದರೂ ಬಾರದಿದ್ದರೂ ಕಾಯುತ್ತಾ ನಿಂತಿರುವುದರ ಬೆಲೆ. ಕಡಿಮೆ ಉರಿಸುವ ಬಡವರಿಗೆ ಇದು ಅನ್ಯಾಯ ಎಂದು ನಾನು ವಾದ ಮುಂದುವರಿಸುವವಳೇ ಇದ್ದೆ. ಅಷ್ಟರಲ್ಲಿ ಅವರು ಅರ್ಜಿಯ ಮೇಲಿನ ನಂಬರು ನೋಡಿ, ತಲೆಯ ಮೇಲಿನ ಕನ್ನಡಕ ಸಿಕ್ಕಿ, ಇಳಿಸಿ, ಮತ್ತೆ ನೋಡಿದರು. 'ಇದನ್ನ ಅವರಿಗೆ ಹೇಳಿದ್ದೀಯಾ?' ಎಂದರು. ಯಾರಿಗೆ ಎಂದೆ. 'ತಿಂಗಳು ತಿಂಗಳು ಬಂದು ಇದರ ಬಿಲ್ಲು ಕಟ್ಟಿ ಹೋಗ್ತಾರಲ್ಲ ಒಬ್ಬರು. ಮೊಬೈಲಲ್ಲೇ ಕಟ್ಟಬಹುದು ಚಾಚಾ ಅಂದ್ರೆ ಕೇಳಲ್ಲ. ಬೆರಳಿಗೆಲ್ಲ ವಾರ್ನಿಷ್ ಕಲೆ.'

ಬಿಲ್ಲನ್ನು ನಾನು ಪಾಕೆಟ್ ಮನಿಯಿಂದ ಕಟ್ಟುತ್ತಿದ್ದೇನೆ ಎಂದು ನೀನು ಮರುಗಿ ಬರೆದಿದ್ದೀ. ಆ ಪುಣ್ಯ ನನ್ನದಲ್ಲ ಅಮ್ಮಿ. ಮುಂಬೈಯಲ್ಲಿ ಬೆರಳಿಗೆ ವಾರ್ನಿಷ್ ಹಚ್ಚಿಕೊಂಡು ಸುಟ್ಟ ಫ್ಯಾನುಗಳಿಗೆ ತಂತಿ ಸುತ್ತುವ ಪಂಖಾ ವೈಂಡಿಂಗ್ ಮಾಡುವವರು ಬೇಕಾದಷ್ಟು ಇದ್ದಾರು. ಆದರೆ ಹದಿನಾಲ್ಕನೇ ನಂಬರಿನ ಬಿಲ್ಲು ಕಟ್ಟುವ ಮಿಸ್ತ್ರಿ ಫಕ್ರುದ್ದೀನ ಸಾಹೇಬರೊಬ್ಬರೇ, ಅಂದರೆ ನಮ್ಮ ಅಬ್ಬಾ. ಅರ್ಜಿಯನ್ನು ಮಡಚಿಕೊಂಡು ಹಿಂದೆ ಬಂದೆ. ಇದು ಆರೋಪಿಯ ಮೊದಲ ತಪ್ಪೊಪ್ಪಿಗೆ.

ಇನ್ನು ಮೂರು ಯೂನಿಟ್. ಯಾವ ಬಾಡಿಗೆದಾರನೂ ಇಲ್ಲ, ಯಾವ ಹೆಂಗಸೂ ಇಲ್ಲ. (ನಾಲ್ಕನೇ ಪುಟದಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀ. ಬೆಳಕಿಗೆ ಹಿಡಿದು ಓದಿದೆ. ಕ್ಷಮಿಸು.) ಕೀಲಿ ನಿನ್ನ ಹತ್ತಿರ ಇದೆ, ನಿಜ. ಆದರೆ ನೀನು ಗದಗ ಗಾಡಿ ಹತ್ತುವ ದಿನ ಬೆಳಗ್ಗೆ, ಸ್ನಾನದ ಸೋಪಿನಲ್ಲಿ ಇದೇನು ತಗ್ಗು ಬಿದ್ದಿದೆ ಎಂದು ಕೇಳಿದ್ದೆಯಲ್ಲ? ಅದು ಕೀಲಿಯ ಅಚ್ಚು. ಕುರ್ಲಾ ಸ್ಟೇಷನ್ ಹೊರಗಿನ ಚಾವಿವಾಲಾ ಆ ಸೋಪನ್ನು ಮೂಸಿ ನೋಡಿ, ನಕ್ಕು, ಮಾಡಿಕೊಟ್ಟ.

ಅಕ್ಟೋಬರಿನ ಎರಡು ಶನಿವಾರ ಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಚೀಲದಲ್ಲಿ ಹಾಕಿಕೊಂಡು ಹೋಗಿ, ರೂಮು ತೆಗೆದು, ಒಂದೊಂದು ತಾಸು ಇಸ್ತ್ರಿ ಮಾಡಿದೆ. ನನ್ನ ಬಟ್ಟೆ ಹತ್ತು ನಿಮಿಷಕ್ಕೆ ಮುಗಿದವು. ಆಮೇಲೆ ಎದುರು ಮನೆಯ ಲಕ್ಷ್ಮವ್ವನ ಸೀರೆಗಳನ್ನು ಬೇಡಿಕೊಂಡು ಬಂದೆ. 'ಏನಬೇ ಹುಡುಗಿ, ಹುಚ್ಚು ಹಿಡದೈತೇನು ನಿನಗ? ನಿಮ್ಮವ್ವ ಇದ್ದಾಗ ಒಂದು ಕರವಸ್ತ್ರ ಮಡಚಿದಾಕಿ ಅಲ್ಲ ನೀ' ಎಂದಳು. ಸೀರೆ ಮಾತ್ರ ಆರು ಕೊಟ್ಟಳು. ಅಲ್ಲಿಗೆ ಎರಡು ಯೂನಿಟ್. ಮೂರನೆಯದು, ರೂಮಿನಲ್ಲಿ ಬಲ್ಬು ಹಚ್ಚಿ ಆರಿಸುವುದನ್ನು ಮರೆತು ಬಂದದ್ದರಿಂದ ಆಯಿತು.

ಯಾಕೆ ಮಾಡಿದೆ ಎಂದರೆ, ಒಂಬತ್ತು ತಿಂಗಳು ಸೊನ್ನೆ ಕಳಿಸಿದಾಗ ನಿನ್ನಿಂದ ಒಂದು ಸಾಲೂ ಬರಲಿಲ್ಲ. ಮೂರು ಕಳಿಸಿದೆ, ನಾಲ್ಕು ಪುಟ ಬಂತು. ಯೂನಿಟ್ಟಿಗೆ ಒಂದೂ ಕಾಲು ಪುಟಕ್ಕಿಂತ ಜಾಸ್ತಿ. ಮುಂಬೈಯಲ್ಲಿ ಇದಕ್ಕಿಂತ ಅಗ್ಗದ ಕರೆಂಟು ಎಲ್ಲೂ ಇಲ್ಲ.

ನಗಬೇಕಾದ ಜಾಗ ಇದು. ನಗು ಬರದಿದ್ದರೂ ಸರಿ, ಈ ಕಾಗದ ಹರಿಯಬೇಡ.

ತಪ್ಪು ಅಬ್ಬಾದು, ಅದನ್ನು ಆಯೋಗ ಒಪ್ಪುತ್ತದೆ. ಘಾಟ್ಕೋಪರಿನಲ್ಲಿ ಅಂಗಡಿಯ ಹತ್ತಿರವೇ ಮನೆ ಹಿಡಿದರೆ ಒಳ್ಳೆಯದು ಎಂದು ಅವರಿಗೆ ಅನ್ನಿಸಿದ್ದು ತಪ್ಪಲ್ಲ. ಆದರೆ ಡಿಪಾಜಿಟ್ ಕೊಟ್ಟು, ಟೆಂಪೊ ಬಾಗಿಲಿಗೆ ಬಂದು ನಿಂತ ಮೇಲೆ ನಿನಗೆ ಹೇಳಿದರು. ಮಸಾಲೆ ಕುಟ್ಟಿ ಮಾರಿದ ದುಡ್ಡಿನಲ್ಲಿ ನೀನು ಕೊಂಡ ರೂಮು ಅದು. ಟೆಂಪೊದವನ ಮುಂದೆ ನೀನು ಅಂದದ್ದು ನನಗೆ ಇನ್ನೂ ಕೇಳಿಸುತ್ತದೆ: 'ಹನ್ನೊಂದು ವರ್ಷ ಆತು, ನನ್ನ ತಲಿ ಮ್ಯಾಲಿನ ಪಂಖಾ ಕಟಕಟ ಅಂತೈತಿ ಅಂತ ಹೇಳಾಕತ್ತಿ. ಮುಂಬೈ ಮಂದಿ ಪಂಖಾ ಎಲ್ಲಾ ರಿಪೇರಿ ಮಾಡಿದ್ರಿ, ನನ್ನದೊಂದು ಬಿಟ್ಟು. ನನ್ನ ಮಾತು ಯಾವಾಗ ಕೇಳೀರಿ ನೀವು?' ಎರಡು ದಿನ ಕಳೆದು ನೀನು ಹೊರಟೆ. ಗೋಡೆಯ ಮೊಳೆ, ಮೀಟರು, ಆ ಪಂಖಾ, ಇವು ಮೂರನ್ನು ಬಿಟ್ಟು ಉಳಿದದ್ದನ್ನೆಲ್ಲ ಕಳಚಿಕೊಂಡು ಹೊರಟೆ.

ಅಬ್ಬಾ ಈಗ ಹೇಗಿದ್ದಾರೆ ಎಂದು ನೀನು ಕೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಆಯೋಗಕ್ಕೆ ಇಲ್ಲ. ಚೆನ್ನಾಗಿದ್ದಾರೆ. ರೊಟ್ಟಿ ಬಡಿಯಲು ಕಲಿತಿದ್ದಾರೆ. ಅದು ಗುಂಡಗಿರುವುದಿಲ್ಲ, ಗುಜರಾತಿನ ನಕಾಶೆಯ ಹಾಗಿರುತ್ತದೆ. ಒಂದು ದಿನ ತಟ್ಟೆ ಮೂರು ಹಾಕಿದರು. ಮೂರನೆಯದನ್ನು ನಾನು ತೆಗೆದಿಟ್ಟೆ.

ಆಯೋಗದ ತೀರ್ಪು: ಆರೋಪಿ ಆರ್ಜೂ ತಪ್ಪಿತಸ್ಥೆ. ಸೋಪು ಕೆಡಿಸಿದ್ದಕ್ಕೆ, ಕೀಲಿ ಮಾಡಿಸಿದ್ದಕ್ಕೆ, ಅರ್ಜಿ ಮುಚ್ಚಿಟ್ಟದ್ದಕ್ಕೆ ಯಾವ ಶಿಕ್ಷೆ ಕೊಟ್ಟರೂ ಒಪ್ಪುತ್ತಾಳೆ. ಆದರೆ ಶಿಕ್ಷೆಯನ್ನು ಎದುರು ನಿಂತು, ಸಾಧ್ಯವಾದರೆ ಲಟ್ಟಣಿಗೆ ಹಿಡಿದು, ಕೊಡತಕ್ಕದ್ದು. ಯೂನುಸ ಮಾಮಾನ ಕೈಯಲ್ಲಿ ಕಳಿಸತಕ್ಕದ್ದಲ್ಲ.

ಅರ್ಜಿ ಹರಿದಿಲ್ಲ. ರೂಮಿನಲ್ಲೇ, ಸ್ವಿಚ್ ಬೋರ್ಡಿನ ಹಿಂದೆ ಸಿಕ್ಕಿಸಿಟ್ಟಿದ್ದೇನೆ. ನೀನು ಒಂದು ಸಲ ಆ ರೂಮಿನೊಳಗೆ ಬಂದು ಕೂತು, ಆಮೇಲೂ ಕೊಡು ಎಂದರೆ ನಾನೇ ಲೈನಿನಲ್ಲಿ ನಿಂತು ಕೊಟ್ಟು ಬರುತ್ತೇನೆ. ಈ ಮಾತಿನಲ್ಲಿ ತಮಾಷೆ ಇಲ್ಲ.

ಇತಿ, ತಮ್ಮ ಅಧ್ಯಕ್ಷೆ, ಆರೋಪಿ ಮತ್ತು ಒಬ್ಬಳೇ ಮಗಳು,
ಆರ್ಜೂ

ತಾ.ಕ.: ಕಾಗದ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇರುವೆ ಮುತ್ತಿದ ಸಾಲು ಯಾವುದೆಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ರೂಮಿನಲ್ಲಿ ಬಲ್ಬು ಎಲ್ಲಿದೆ? ಹೋಗುವಾಗ ಅದನ್ನೂ ಕಳಚಿ ಟವೆಲ್ಲಿನಲ್ಲಿ ಸುತ್ತಿ ಒಯ್ದದ್ದು ನೀನೇ. ಮೂರನೇ ಯೂನಿಟ್ ನನ್ನದಲ್ಲ.

ನಾನು ಮೊದಲ ಶನಿವಾರ ಹೋದಾಗಲೇ ಪಂಖಾದ ರೆಕ್ಕೆಗಳನ್ನು ಯಾರೋ ಒರೆಸಿದ್ದರು. ಕೆಳಗೆ ಹಳೆಯ ಪೇಪರು ಹಾಸಿತ್ತು, ಡಬ್ಬಿಯ ಮುಚ್ಚಳದಲ್ಲಿ ಎರಡು ಸವೆದ ಬೇರಿಂಗು. ಇಲ್ಲಿ ಘಾಟ್ಕೋಪರಿನ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ನಾನು ನೇತುಹಾಕಿದ ಕೀಲಿ ಶುಕ್ರವಾರಗಳಂದು ಇರುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಮುಂದಿನ ಶುಕ್ರವಾರ ಲಕ್ಷ್ಮವ್ವನ ಬಾಗಿಲಲ್ಲಿ ಅಡಗಿ ಕೂತೆ. ಜುಮ್ಮಾ ನಮಾಜು ಮುಗಿಸಿ ಅಬ್ಬಾ ಬಂದರು. ಪಂಖಾ ಹಾಕಿದರು. ಅದರ ಕೆಳಗೆ ಕೂತು, ಕಣ್ಣು ಮುಚ್ಚಿ, ಮೂರು ತಾಸು ಬರೀ ಕಿವಿಗೊಟ್ಟು ಕೇಳಿದರು.

ನನ್ನನ್ನು ನೋಡಿದಾಗ ಅವರು ಹೇಳಿದ್ದು ಇಷ್ಟೇ: 'ನಿಮ್ಮ ಅಮ್ಮಿಗೆ ಈಗ ಹೇಳಬ್ಯಾಡ. ಪಂಖಾ ಮೂರನೇ ನಂಬರಿಗೆ ಇಟ್ಟರ ಇನ್ನೂ ಸಣ್ಣಗ ಟಕ್ ಅಂತೈತಿ. ಆಕಿ ಕಿವಿ ಭಾಳ ಚುರುಕು.'

ಬಾಯಿಬಿಟ್ಟು ಹೇಳುವುದಿಲ್ಲ ಎಂದು ಆಣೆ ಮಾಡಿದೆ. ಕೈಯಲ್ಲಿ ಬರೆಯುವ ಮಾತು ಅದರಲ್ಲಿ ಬರಲಿಲ್ಲ. ನನಗಂತೂ ಪಂಖಾದಲ್ಲಿ ಯಾವ ಸದ್ದೂ ಕೇಳಿಸುವುದಿಲ್ಲ. ಇಪ್ಪತ್ತೊಂದನೇ ತಾರೀಖೂ ಶುಕ್ರವಾರವೇ. ಮಾಮಾನ ಟಿಕೀಟಿನಲ್ಲಿ ನೀನೇ ಬಂದು ಕೇಳಿ ನೋಡು. ಬರುವಾಗ ಬಲ್ಬು ತಾ.