ಅವ್ವ ಬರೆಯುವ ದೀರ್ಘ

ಗಾಜಿಪುರ, ಕಲಬುರಗಿ
ಶುಕ್ರವಾರ, 8 ಆಗಸ್ಟ್ 2025

ಪ್ರೀತಿಯ ಅವ್ವಾ,

ಇವತ್ತು ಬೆಳಿಗ್ಗೆ ಕೆಲಸದ ಖೋಲಿಗೆ ಬಂದಾಗ ನಮ್ಮ ಕಿಟಕಿಯ ಸರಳಿಗೆ ಪುಟ್ಟ ಸಾಕ್ಸುಗಳು ನೇತಾಡುತ್ತಿದ್ದವು. ಮೇಲಿನ ಮನೆಯ ಫರ್ಹೀನ್ ಆಪಾ ಅವರ ಮಗಳವು. ಮಳೆ ಹಿಡಿದು ಎಲ್ಲೂ ಬಟ್ಟೆ ಒಣಗುತ್ತಿಲ್ಲ, ನಮ್ಮ ಕಿಟಕಿಯಿಂದ ಮಾತ್ರ ಬಿಸಿ ಗಾಳಿ ಬರುತ್ತದೆ ಎಂದು ಅವರು ಕಂಡುಕೊಂಡಿದ್ದಾರೆ. “ಸುಮಂಗಲಾ, ಸಂಜಿ ತನಕ ಮಷೀನ್ ಬಂದ್ ಮಾಡಬ್ಯಾಡ್ರಿ, ಇನ್ನಾ ಯೂನಿಫಾರ್ಮ್ ಒಣಗೋದದ” ಎಂದು ಮೆಟ್ಟಿಲ ಮೇಲಿಂದಲೇ ಹೇಳಿದರು. ನಕ್ಕೆ. ಆಮೇಲೆ ಈ ಕಾಗದ ತೆಗೆದುಕೊಂಡೆ. ಆ ಮಷೀನು ಮಾಡಿದ ಕೆಲಸದ ಬಗ್ಗೆಯೇ ನಿನಗೆ ಬರೆಯಬೇಕಾಗಿದೆ.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಬಾಟಲಿಯನ್ನು ಗೋಡೆಯ ಮಾಡದಲ್ಲಿಟ್ಟು ನೋಡುತ್ತಿದ್ದೀಯೋ? ಮುತ್ಯಾನ ಕೆಮ್ಮು ಕಡಿಮೆಯಾಯಿತೇ? ಮಳೆಯಲ್ಲಿ ಬಾಳೆ ತೋಟಕ್ಕೆ ಹೋಗಬೇಡ ಎಂದು ನಾನು ಹೇಳಿದೆನೆಂದು ಅವನಿಗೆ ಹೇಳು. ತಮ್ಮ ಪ್ರಬುದ್ಧನಿಗೂ ಹೇಳು, ಪರೀಕ್ಷೆ ಮುಗಿಯುವವರೆಗೆ ಅವನು ಕ್ರಿಕೆಟ್ ಬ್ಯಾಟನ್ನು ನಿನ್ನ ಮಂಚದ ಕೆಳಗೆ ಇಡಬೇಕು. ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀ. ಅವ್ವಾ, ನಿನ್ನ ಫೋನು ಹಗಲೆಲ್ಲ ನಿಮ್ಮ ಸಹಕಾರ ಸೊಸೈಟಿಯ ಬ್ರ್ಯಾಂಚಿನ ಕೌಂಟರ್ ಮೇಲೆ ಇರುತ್ತದೆ, ಸ್ಪೀಕರ್ ಹಾಕದೆ ಮಾತಾಡಲು ನಿನಗೆ ಬರುವುದಿಲ್ಲ. ನಾನು ಊಟಕ್ಕೆ ಏನು ತಿಂದೆ ಎಂಬುದು ಇಡೀ ಕಮಲಾಪುರಕ್ಕೆ ಗೊತ್ತಿರುತ್ತದೆ. ಇದು ಹಾಗೆ ಹೇಳುವ ಮಾತಲ್ಲ. ಅಂಬಣ್ಣ ಕಾಕಾ ತೊಗರಿ ಹಾಕಲು ನೆಹರು ಗಂಜ್ ಮಾರುಕಟ್ಟೆಗೆ ಬಂದಿದ್ದಾನೆ, ತಿರುಗಿ ಹೋಗುವಾಗ ಇಲ್ಲಿಗೆ ಬಂದು ಇದನ್ನು ಒಯ್ಯುತ್ತಾನೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಓದು.

ನನ್ನ ಕೆಲಸ ಏನೆಂದು ನೀನು ಕೇಳಿದಾಗಲೆಲ್ಲ “ಕಂಪ್ಯೂಟರಿಂದು” ಎಂದು ಜಾರಿಕೊಂಡಿದ್ದೇನೆ. ಈಗ ಸರಿಯಾಗಿ ಹೇಳುತ್ತೇನೆ. ನೀನು ಬೆಳಿಗ್ಗೆ ಪಾಸ್‌ವರ್ಡ್ ಹೊಡೆಯುತ್ತೀಯಲ್ಲ, ಕಂಪ್ಯೂಟರು ಅದನ್ನು ಹಾಗೇ ಇಟ್ಟುಕೊಂಡಿರುವುದಿಲ್ಲ. ಗಿರಣಿಗೆ ಹಾಕಿ ಹಿಟ್ಟು ಮಾಡಿ ಇಟ್ಟಿರುತ್ತದೆ. ಆ ಹಿಟ್ಟಿಗೆ ಹ್ಯಾಶ್ ಎನ್ನುತ್ತಾರೆ. ಹಿಟ್ಟಿನಿಂದ ಮತ್ತೆ ಜೋಳ ಮಾಡಲು ಬರುವುದಿಲ್ಲ. ಆದರೆ ಅದೇ ಪದವನ್ನು ಅದೇ ಗಿರಣಿಗೆ ಹಾಕಿದರೆ ಪ್ರತಿ ಸಲ ಅದೇ ಹಿಟ್ಟು ಬರುತ್ತದೆ. ಹಾಗಾಗಿ ನಾವು ಊಹೆಯ ಪದಗಳನ್ನು ಒಂದರ ಹಿಂದೆ ಒಂದು ಬೀಸಿ, ಯಾವುದರ ಹಿಟ್ಟು ಹೊಂದುತ್ತದೆ ಎಂದು ನೋಡುತ್ತೇವೆ. ಹೊಂದಿದರೆ ಆ ಪಾಸ್‌ವರ್ಡು ಕಳ್ಳನಿಗೂ ಸಿಗುತ್ತದೆ ಎಂದರ್ಥ. ಕಳ್ಳ ಬರುವ ಮೊದಲೇ ಮಾಲೀಕರಿಗೆ ಹೇಳುವುದು ನಮ್ಮ ಕೆಲಸ. ಸಾದಾ ಕಂಪ್ಯೂಟರಿನಲ್ಲಿ ಇದಕ್ಕೆ ತಿಂಗಳುಗಳು ಬೇಕು. ಈ ಕೆಲಸ ನಡೆಸುವ ನಮ್ಮ ಉಜೈರ್ ಭಾಯಿ ಸ್ಟೇಶನ್ ಬಜಾರದಲ್ಲಿ ಮುಚ್ಚಿಹೋದ ಒಂದು ಗೇಮಿಂಗ್ ಅಂಗಡಿಯಿಂದ ಎರಡು ಗ್ರಾಫಿಕ್ಸ್ ಕಾರ್ಡ್ ತಂದಿದ್ದಾರೆ. ಹುಡುಗರ ಆಟದಲ್ಲಿ ಹೊಗೆ, ನೀರು, ಓಡುವ ಕುದುರೆ ತೋರಿಸಲು ಮಾಡಿದ ಕಾರ್ಡುಗಳು ಅವು. ಒಂದೊಂದರೊಳಗೂ ಸಾವಿರಾರು ಪುಟ್ಟ ಗಿರಣಿಗಳು ಒಟ್ಟಿಗೆ ತಿರುಗುತ್ತವೆ. ನಾನು ಈ ಒಂದು ಸಾಲು ಬರೆಯುವಷ್ಟರಲ್ಲಿ ಅವು ಕೋಟಿಗಟ್ಟಲೆ ಪದ ಬೀಸಿ ಮುಗಿಸಿರುತ್ತವೆ. ಅದರ ಕಾವಿಗೇ ಫರ್ಹೀನ್ ಆಪಾರ ಸಾಕ್ಸು ಒಣಗುವುದು.

ಇಷ್ಟು ವೇಗದ ಯಂತ್ರದ ಮುಂದೆ ಕನ್ನಡ ಸಾಹಿತ್ಯ ಓದಿದವಳಿಗೇನು ಕೆಲಸ ಎಂದು ನಾನೂ ಮೊದಲ ದಿನ ಕೇಳಿದ್ದೆ, ಅಂದರೆ ಮನಸ್ಸಿನಲ್ಲೇ. ಉಜೈರ್ ಭಾಯಿಯೇ ಹೇಳಿದರು: “ನೋಡ್ರಿ, ಮಷೀನಿಗಿ ಜೋರ್ ಅದ, ಅಕಲ್ ಇಲ್ಲ. ಅಕಲ್ ನೀವು ಕೊಡ್ರಿ.” ಇಂಟರ್ನೆಟ್ಟಿನಿಂದ ತಂದ ಕನ್ನಡ ಪದಗಳೆಲ್ಲ ಬೆಂಗಳೂರಿನವರ ಬಾಯಿಯವು. ಅವುಗಳಲ್ಲಿ “ನೋಡೋಣ” ಇತ್ತು, “ಹೋಗಿದ್ದಾನೆ” ಇತ್ತು. ನಮ್ಮ “ನೋಡಮು” ಇರಲಿಲ್ಲ, “ಹೋಗ್ಯಾನ” ಇರಲಿಲ್ಲ, “ನಕೋ ಬಾಬಾ” ಇರಲಿಲ್ಲ, ಪುಂಡಿಪಲ್ಯವಂತೂ ಇರಲೇ ಇಲ್ಲ. ನಾನು ಬಸ್ಸಿನಲ್ಲಿ, ಸಂತೆಯಲ್ಲಿ, ನಮ್ಮ ಅಂಗಳದಲ್ಲಿ ಕೇಳಿದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ನಮ್ಮವರು ಹೇಗೆ ಬರೆಯುತ್ತಾರೋ ಹಾಗೆ ಪಟ್ಟಿ ಮಾಡುತ್ತ ಹೋದೆ. ಅವ್ವಾ, ಓದು ಮುಗಿಸಿದ ಮೇಲೆ ನಾನು ಬರೆದದ್ದು ಅದೊಂದೇ. ರಾತ್ರಿ ಮಲಗುವಾಗ ಅದನ್ನು ನನ್ನ ಪುಸ್ತಕ ಎಂದುಕೊಳ್ಳುತ್ತಿದ್ದೆ. ನಾಚಿಕೆ ಅನ್ನಿಸುತ್ತದೆ, ಆದರೂ ಹೇಳುತ್ತೇನೆ.

ಕಳೆದ ವಾರ ನಮಗೆ ಬಂದ ಕೆಲಸ ನಿಮ್ಮ ಸೊಸೈಟಿಯದು. ನೀನು ಅಲ್ಲಿ ಕೌಂಟರಿನಲ್ಲಿ ಕೂಡುತ್ತೀ ಎಂದು ಉಜೈರ್ ಭಾಯಿಗೆ ಮೊದಲೇ ಹೇಳಿದ್ದೆ. ನಮಗೆ ಬರುವುದು ಹೆಸರಲ್ಲ, ಬರೀ ನಂಬರು, ಯಾವ ನಂಬರು ಯಾರದೆಂದು ಸೊಸೈಟಿಯ ಕಾರ್ಯದರ್ಶಿಗಳಿಗೆ ಮಾತ್ರ ಗೊತ್ತಿರುತ್ತದೆ, ಚಿಂತೆ ಬೇಡ ಎಂದರು. ನಿಮ್ಮ ಸಾಫ್ಟ್‌ವೇರ್ ಹಳೆಯದು, ಅದರ ಗಿರಣಿ ಬಹಳ ಹಗುರ. ಆದರೂ ಮೊದಲ ಸುತ್ತಿನಲ್ಲಿ ಅರ್ಧ ಮಂದಿಯದು ಸಿಗದೆ ಉಳಿದುಬಿಟ್ಟಿತು. ಆಮೇಲೆ ನನ್ನ ಪಟ್ಟಿ ಹಾಕಿದೆವು. ಹರಿದ ಚೀಲದಿಂದ ತೊಗರಿ ಸುರಿದ ಹಾಗೆ ಬಿದ್ದವು. ಯಾರೋ ಒಬ್ಬರದು ‘ಮನಿಗಿ ಹೋಗಬೇಕು’. ಅದನ್ನು ನೋಡಿ ಉಜೈರ್ ಭಾಯಿ ಚಹಾದ ಕಪ್ಪು ಕೆಳಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ಮಂದಿ ಬಾಯಲ್ಲಿ ಹೇಳಲಾರದ್ದನ್ನು ಬೆರಳಿನಲ್ಲಿ ಹೇಳಿ ಕೆಲಸ ಶುರು ಮಾಡುತ್ತಾರೆ. ಅದನ್ನು ನಾವು ಓದುತ್ತಿದ್ದೆವು.

ಇನ್ನೂ ಕೆಲವು ಉಳಿದಿದ್ದವು. ದೀರ್ಘಾಕ್ಷರಗಳನ್ನು ಯಾರು ಯಾರು ಹೇಗೆ ಎಳೆಯುತ್ತಾರೆ ಎಂದು ಯೋಚಿಸುತ್ತ ನನ್ನ ಫೋನು ತೆಗೆದೆ. ನಿನ್ನ ಮೆಸೇಜುಗಳಿದ್ದವು. ‘ಊಟ ಮಾಡಿದಿ?’ ಎಂದು ಬರೆಯುವಾಗ ‘ಮಾ’ ಅಕ್ಷರಕ್ಕೆ ನೀನು ಇಂಗ್ಲಿಷಿನ ಮೂರು ‘ಎ’ ಹಾಕುತ್ತೀ. ಎರಡು ಸಾಕು ಎಂದು ನಾನೆಂದರೆ ನೀನು, “ಎರಡಕ್ಕ ಪ್ರೀತಿ ಬರಂಗಿಲ್ಲ ತಗಿ” ಎಂದಿದ್ದೆ. ಮೂರು ‘ಎ’ಗಳ ಎಳೆತವನ್ನೂ ನಿಯಮವಾಗಿ ಸೇರಿಸಿದೆ. ಕಾರ್ಡುಗಳ ಫ್ಯಾನು ಒಮ್ಮೆ ಜೋರಾಗಿ ಕೂಗಿ ಇಳಿಯಿತು. ಪರದೆಯ ಮೇಲೆ ಒಂದೇ ಒಂದು ಹೊಸ ಪದ ಬಂತು: ನೋಡಮು ಸಾಹೇಬ. ‘ಸಾ’ಕ್ಕೆ ಮೂರು ‘ಎ’.

ಕುರ್ಚಿಯಿಂದ ಎದ್ದುಬಿಟ್ಟೆ. ಉಜೈರ್ ಭಾಯಿ “ಕ್ಯಾ ಹುವಾ?” ಎಂದರು. ಇಲಿ ಎಂದೆ. ಆಗಿನಿಂದ ಒಂದು ಕಡೆ ಕೂಡಲು ಆಗುತ್ತಿಲ್ಲ. ಈ ಕಾಗದವನ್ನೂ ಅರ್ಧ ನಿಂತೇ ಬರೆಯುತ್ತಿದ್ದೇನೆ. ನಿನ್ನನ್ನು ಕಾಯಂ ಮಾಡಬೇಕೆಂದು ಕೇಳಿದಾಗಲೆಲ್ಲ ಕಾರ್ಯದರ್ಶಿ ಅಮರನಾಥ ಸಾಹೇಬರು ಕನ್ನಡಕ ತೆಗೆದು, “ನೋಡಮು ಬಂಡೆಮ್ಮ, ನೋಡಮು” ಎನ್ನುತ್ತಾರೆಂದು ರೊಟ್ಟಿ ಬಡಿಯುತ್ತ ನೀನು ನಟಿಸಿ ತೋರಿಸುತ್ತಿದ್ದೆ. ನೋಡಮು ಸಾಹೇಬ ಎಂಬ ಹೆಸರು ನಮ್ಮ ಮನೆಯಲ್ಲೇ ಹುಟ್ಟಿದ್ದು. ಅವರ ಎದುರು ತಲೆ ಬಗ್ಗಿಸಿ “ಆಗಲ್ರಿ ಸಾಹೇಬ್ರ” ಎನ್ನುವ ನೀನು ದಿನಾ ಬೆಳಿಗ್ಗೆ ಅವರನ್ನು ಹೀಗೆ ಕರೆದೇ ಕಂಪ್ಯೂಟರ್ ತೆರೆಯುತ್ತೀ ಎಂದು ಗೊತ್ತಾದಾಗ, ಅಂಜಿಕೆಯ ನಡುವೆಯೂ ನಿನ್ನ ಬಗ್ಗೆ ಹೆಮ್ಮೆಯಾಯಿತು. ನಾನು ನಿನ್ನಿಂದ ನಾಚಿಕೆಯನ್ನಷ್ಟೇ ಪಡೆದಿದ್ದೇನೆ, ಇದನ್ನು ಪಡೆದಿಲ್ಲ ಎಂದುಕೊಂಡೆ.

ಆದರೆ ಬುಧವಾರ ಅದೇ ಸಾಹೇಬರು ಇಲ್ಲಿಗೆ ಬಂದಿದ್ದರು. ಸೋಮವಾರ ಕಮಲಾಪುರ ಬ್ರ್ಯಾಂಚಿನಲ್ಲಿ ಎಲ್ಲ ಸಿಬ್ಬಂದಿಯ ಸಭೆ ಇದೆಯಲ್ಲ, ಅಲ್ಲಿ ನಾವು ಎಷ್ಟು ಪಾಸ್‌ವರ್ಡು ಬಿದ್ದವು, ಯಾಕೆ ಬಿದ್ದವು ಎಂದು ಹೇಳಬೇಕು. ಉಜೈರ್ ಭಾಯಿ ಅಲ್ಲಿಯವರೆಗಿನ ಲೆಕ್ಕ ತೋರಿಸಿದರೆ ಅವರಿಗೆ ಸಾಕಾಗಲಿಲ್ಲ. “ಲೆಕ್ಕ ತಗೊಂಡು ಏನ್ ಮಾಡ್ಲಿ? ಪಾಸ್‌ವರ್ಡ್ ಪರದಿ ಮ್ಯಾಲ ಹಾಕ್ರಿ, ಬಾಜೂಕ ಹೆಸರು ನಾ ಓದ್ತೀನಿ. ನಾಕ್ ಮಂದ್ಯಾಗ ಮಾನ ಹೋದ್ರ ಬುದ್ಧಿ ಬರ್ತದ.” ಕರಾರಿನಲ್ಲಿ ಹಾಗಿಲ್ಲ ಎಂದು ಉಜೈರ್ ಭಾಯಿ ಮೆಲ್ಲಗೆ ಹೇಳಿದರು. “ಮುಂದಿನ ವರ್ಷ ನಿಮ್ಗೇ ಕೆಲಸ ಕೊಡಬೇಕೋ ಬ್ಯಾಡೋ, ಅದ್ನೂ ನೋಡಮು” ಎಂದು ಹೊರಟುಹೋದರು. ಉಜೈರ್ ಭಾಯಿ ಕೆಟ್ಟವರಲ್ಲ. ಆದರೆ ಇದು ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಆಗಿನಿಂದ ಪರದೆಗೆ ಹಾಕುವ ಚಿತ್ರಗಳನ್ನು ಮಾಡುವುದು, ಅಳಿಸುವುದು, ಮತ್ತೆ ಮಾಡುವುದು ನಡೆದಿದೆ. ಆ ಪದವನ್ನು ನಿನ್ನ ಹೆಸರಿನ ಜೊತೆ ಅವರೇ ತಮ್ಮ ಬಾಯಿಂದ ಓದಿದರೆ ನಿನ್ನ ಹಂಗಾಮಿ ನೌಕರಿ ಆ ದಿನವೇ ಮುಗಿಯಿತು.

ಬ್ರ್ಯಾಂಚಿಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಸೇರಿಸಿ ಉದ್ದವಾಗಿ ಇಡು, ನನಗೂ ಹೇಳಬೇಡ. ಆದರೆ ಸೋಮವಾರದ ಪರದೆಗೆ ಅದು ಸಾಲದು. ಹಳೆಯದು ನಮ್ಮ ಮಷೀನಿನಲ್ಲಿ ಕೂತಿದೆ.

ಮುತ್ಯಾನಿಗೆ ನನ್ನ ಜೈಭೀಮ್ ಹೇಳು. ಪ್ರಬುದ್ಧನ ಕಿವಿ ಹಿಂಡು. ನೀನು ಮೊಣಕಾಲಿಗೆ ಎಣ್ಣೆ ಹಚ್ಚಿಕೊ.

ನಿನ್ನ ಮಗಳು,
ಸುಮಂಗಲಾ

ತಾ.ಕ.: ಅಂಬಣ್ಣ ಕಾಕಾ ಬಾಗಿಲಲ್ಲಿ ನಿಂತು ಬಸ್ಸು ಬಸ್ಸು ಎನ್ನುತ್ತಿದ್ದಾನೆ. ಎಣಿಕೆ ಮುಗಿದ ಮೇಲೆ ಸಿಕ್ಕ ಪದಗಳನ್ನೂ ಸೊಸೈಟಿ ಕೊಟ್ಟ ಹ್ಯಾಶ್‌ಗಳನ್ನೂ ಅಳಿಸಬೇಕೆಂದು ಕರಾರಿನಲ್ಲಿ ಉಜೈರ್ ಭಾಯಿಯೇ ಬರೆದಿದ್ದಾರೆ. ಎಣಿಕೆ ನಿನ್ನೆ ಮುಗಿದಿದೆ. ಅವರು ಜುಮ್ಮಾ ನಮಾಜಿಗೆ ಹೋಗಿದ್ದಾರೆ. ಕಾಕಾ ಹೊರಟ ಕೂಡಲೇ ಅಳಿಸುತ್ತೇನೆ. ನಿನ್ನದೊಂದನ್ನೇ ಅಲ್ಲ, ಎಲ್ಲರದೂ. ಒಂದನ್ನೇ ತೆಗೆದರೆ ಅದು ಕಳವು. ಹ್ಯಾಶ್‌ಗಳನ್ನು ಸಾಹೇಬರು ಮತ್ತೆ ಕೊಟ್ಟಾರು, ಆದ್ದರಿಂದ ನನ್ನ ಪಟ್ಟಿಯನ್ನೂ ತೆಗೆಯುತ್ತೇನೆ. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಮೊದಲು ಹೇಳಿದರೆ ಅವರು ತಡೆದಾರು, ನಾನು ಎದುರಾಡದೆ ಒಪ್ಪಿಬಿಡುತ್ತೇನೆ, ಅದಕ್ಕೆ ಅಳಿಸಿ ಆಮೇಲೆ ಉಜೈರ್ ಭಾಯಿಗೆ ಹೇಳುತ್ತೇನೆ. ಅವರು ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡರೆ ಸೋಮವಾರ ಸಭೆಯಲ್ಲಿ ಲೆಕ್ಕ ಹೇಳಲು ನಾನೇ ನಿಲ್ಲುತ್ತೇನೆ, ಬರೀ ಲೆಕ್ಕ. ನಡುವೆ ನಾನು ತಡವರಿಸಿದರೆ ನೀನು ಎದ್ದು ನೀರು ತರಬೇಡ. ಕೂತಿರು. ನಾನೇ ಮುಗಿಸುತ್ತೇನೆ.