ಸದ್ದಿಲ್ಲದೆ ಇಳಿದ ಆನೆಮರಿ

ಆನೆಮರೀ,

ಆಫೀಸಿಗೆ ಹೊರಟೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೋ. ನಿನ್ನ ಡಂಬೆಲ್‌ಗಳನ್ನು ಬಚ್ಚಲ ಬಾಗಿಲಿನಿಂದ ತೆಗೆದಿಡು. ಅಪ್ಪ ಎಡವಿ ಇಡೀ ವಾಲಿಬಾಲ್ ತಂಡಕ್ಕೇ ಶಾಪ ಹಾಕಿದರು. ಅವನ್ನು ಹಿಡಿದು ಅಷ್ಟು ಸಲ ಕೂತು ಏಳುವವಳಿಗೆ ನೀರಿನ ಬಕೆಟ್ ಎತ್ತುವಾಗ ಮಾತ್ರ ಕೈನೋವು ಹೇಗೆ ಬರುತ್ತದೋ ಕಾಣೆ.

ಬೆಳಿಗ್ಗೆ ನೀನು ಮಲಗಿದ್ದಾಗ ಕೆಳಮನೆ ಅಜ್ಜಿ ಬಂದಿದ್ದರು. ಮಂಡಿ ನೋವು ಮಾಡಿಕೊಂಡು ಬಂದ ನಿನಗೆ ಕೋಚ್ ಮೇಡಂ, "ತೊಡೆಗೆ ಬಲ ಬರಲಿ. ಜಿಗಿದು ಸದ್ದಿಲ್ಲದೆ ಇಳಿಯೋದು ಕಲಿ. ಅಲ್ಲೀತನಕ ಆಟಕ್ಕೆ ಇಳಿಸಲ್ಲ" ಅಂದಾಗಿನಿಂದ ನೀನು ಮನೆಯಲ್ಲೇ ಧಡಧಡ ಜಿಗಿದು, ಕೆಳಗೆ ಅಜ್ಜಿಗೆ ನೆಮ್ಮದಿಯಿಲ್ಲ. ದಿನಾ ಬಂದು, "ಏನಮ್ಮಾ, ನಿನ್ನ ಮಗಳು ನಮ್ಮ ಸೂರು ಕಿತ್ತುಕೊಂಡೇ ಬೀಳ್ತಾಳಾ?" ಅನ್ನುತ್ತಿದ್ದರು. ಇವತ್ತೂ ಅದೇ ಎಂದುಕೊಂಡು ಕ್ಷಮೆ ಕೇಳಲು ಬಾಯಿ ತೆರೆದೆ. ಅವರೇ ಮೊದಲು ಕೇಳಿದರು: "ನಿನ್ನೆ ಸಂಜೆ ಸದ್ದೇ ಇರಲಿಲ್ಲ. ಮಗು ಹುಷಾರಾಗಿದಾಳೆ ತಾನೆ?"

ನಿನ್ನೆ ಸಂಜೆ ನೀನು ಹಿಂದೆ ಯಾವ ದಿನವೂ ಜಿಗಿಯದಷ್ಟು ಜಿಗಿದಿದ್ದೆ. ಎದುರಿಗೇ ಕೂತು ಪೇಪರಿನ ಸುದ್ದಿ ತಿದ್ದುತ್ತಿದ್ದವಳು ನಾನು.

ಮೇಡಂಗೆ ಫೋನ್ ಮಾಡಿ, ನೀನೀಗ ಸದ್ದಿಲ್ಲದೆ ಇಳಿಯುತ್ತೀಯ ಎಂದೆ. ತಾಯಿಯ ಮಾತನ್ನು ಅವರು ಅಷ್ಟಾಗಿ ನಂಬಲಿಲ್ಲ. ಕೆಳಮನೆ ಅಜ್ಜಿಯೇ ಸಾಕ್ಷಿ ಎಂದಾಗ ನಕ್ಕು, "ಸಂಜೆ ಶೂ ಹಾಕ್ಕೊಂಡು ಬರಲಿ, ನಾನೇ ನೋಡ್ತೀನಿ" ಅಂದರು. ಮಂಡಿ ಒಳಕ್ಕೆ ವಾಲದಂತೆ ಇಳಿದರೆ ಶನಿವಾರದ ಆಟಕ್ಕೆ ನೀನೂ ಇರುತ್ತೀಯ.

ಹೋಗುವಾಗ ಅಜ್ಜಿಗೆ ಮುಖ ತೋರಿಸಿ ಹೋಗು, ಪಾಪ, ಕಾಯುತ್ತಿರುತ್ತಾರೆ. ಮೆಟ್ಟಿಲನ್ನು ಮಾತ್ರ ನಡೆದೇ ಇಳಿ.

ಅಮ್ಮ